ಕೋಮಾಕ್ಕೆ ಕಾರಣ ಮಲೇರಿಯಾವೇ? ಬ್ಲಾಂಟೈರ್‌ನ ಒಂದು ಮಕ್ಕಳ ವಾರ್ಡಿನ ಪ್ರಕರಣ ಅಧ್ಯಯನ

ಜ್ವರ ಬಂದವರು ಪ್ರಜ್ಞೆ ತಪ್ಪಿದರೆ ‘ಜ್ವರ ತಲೆಗೇರಿತು’ ಎನ್ನುವುದು ನಮ್ಮಲ್ಲಿ ರೂಢಿ. ಮಲೇರಿಯಾದ ಮಟ್ಟಿಗೆ ಈ ಮಾತು ಅರ್ಧ ನಿಜ. ರೋಗಾಣು ತಲೆಯವರೆಗೆ ಹೋಗುವುದು ಹೌದು, ಆದರೆ ಮಿದುಳಿನ ಒಳಕ್ಕೆ ಅದು ಕಾಲಿಡುವುದಿಲ್ಲ. ಮಿದುಳಿಗೆ ರಕ್ತ ಒದಗಿಸುವ ಅತಿ ಸಣ್ಣ ನಾಳಗಳ ಒಳಗೋಡೆಗೆ ಅಂಟಿಕೊಂಡು ಅಲ್ಲಿಯೇ ಉಳಿಯುತ್ತದೆ. ಗೋಡೆ ದಾಟದ ಒಂದು ಜೀವಿ ಗೋಡೆಯ ಆಚೆಗಿರುವ ಮಿದುಳನ್ನು ಹೇಗೆ ಕೆಡಿಸುತ್ತದೆ, ಒಂದೇ ಔಷಧ ಪಡೆದ ಮಕ್ಕಳಲ್ಲಿ ಹೆಚ್ಚಿನವರು ಎರಡು ಮೂರು ದಿನಗಳಲ್ಲಿ ಎದ್ದು ಕುಳಿತರೆ ಕೆಲವರು ಮಾತ್ರ ಏಕೆ ಸಾಯುತ್ತಾರೆ ಎಂಬ ಪ್ರಶ್ನೆ ನೂರು ವರ್ಷಕ್ಕಿಂತ ಹಳೆಯದು.

ಆ ಪ್ರಶ್ನೆಯನ್ನು ಪಟ್ಟು ಬಿಡದೆ ಹಿಂಬಾಲಿಸಿದ ಒಂದು ವಾರ್ಡಿನ ಪ್ರಕರಣ ಇಲ್ಲಿದೆ. ಅದು ಆಫ್ರಿಕದ ಮಲಾವಿ ದೇಶದ ಬ್ಲಾಂಟೈರ್ ನಗರದಲ್ಲಿರುವ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆಯ ಮಕ್ಕಳ ವಾರ್ಡು. ಅಲ್ಲಿ ಬದುಕಿದ ಮತ್ತು ಸತ್ತ ಮಕ್ಕಳು ಪ್ರಕಟಿತ ವರದಿಗಳಲ್ಲಿ ಸಂಖ್ಯೆಗಳಾಗಿ ಮಾತ್ರ ಇದ್ದಾರೆ, ಇಲ್ಲಿಯೂ ಹಾಗೆಯೇ ಇರುತ್ತಾರೆ. ಮಿದುಳಿನ ಬಗ್ಗೆ ಅಲ್ಲಿ ಏನು ಕಂಡುಹಿಡಿದರು ಎಂಬುದಕ್ಕಿಂತ, ಯಾವ ಹಂತದಲ್ಲಿ ಯಾವ ನಿರ್ಧಾರ ತೆಗೆದುಕೊಂಡಿದ್ದರಿಂದ ಕಾಣದಿದ್ದದ್ದು ಕಾಣತೊಡಗಿತು ಎಂಬುದರ ಮೇಲೆ ನನ್ನ ಗಮನ ಹೆಚ್ಚು.

ಹಿನ್ನೆಲೆ

ಮನುಷ್ಯರಿಗೆ ಮಲೇರಿಯಾ ತರುವ ಪ್ಲಾಸ್ಮೋಡಿಯಂಗಳಲ್ಲಿ ಮಿದುಳನ್ನು ಕಾಡುವುದು ಮುಖ್ಯವಾಗಿ ಫಾಲ್ಸಿಪಾರಂ. ಕೆಂಪು ರಕ್ತಕಣದೊಳಗೆ ಅದರ ಬದುಕು ಸುಮಾರು 48 ಗಂಟೆಗಳದ್ದು. ಮೊದಲ ಅರ್ಧದಲ್ಲಿ ಸೋಂಕಿತ ಕಣ ಉಳಿದ ಕಣಗಳ ಜೊತೆ ಸರಾಗವಾಗಿ ಹರಿಯುತ್ತದೆ. ಎರಡನೆಯ ಅರ್ಧದಲ್ಲಿ ರೋಗಾಣು ತಾನು ತಯಾರಿಸಿದ ಒಂದು ಪ್ರೋಟೀನನ್ನು ಕಣದ ಹೊರಮೈಯಲ್ಲಿ ಸಣ್ಣ ಗುಬುಟುಗಳ ಮೇಲೆ ನಿಲ್ಲಿಸುತ್ತದೆ. ಆ ಪ್ರೋಟೀನು ರಕ್ತನಾಳದ ಒಳಪದರವನ್ನು ಹಿಡಿದುಕೊಳ್ಳುತ್ತದೆ. ಹೀಗೆ ಅಂಟಿಕೊಂಡ ಕಣ ಗುಲ್ಮದ ಮೂಲಕ ಹಾದುಹೋಗುವ ಪ್ರಮೇಯ ಬರುವುದಿಲ್ಲವಾದ್ದರಿಂದ ಅಲ್ಲಿ ನಾಶವಾಗುವುದರಿಂದಲೂ ತಪ್ಪಿಸಿಕೊಳ್ಳುತ್ತದೆ. ಈ ಪ್ರೋಟೀನಿಗೆ ಸುಮಾರು 60 ಜೀನ್‌ಗಳ ಒಂದು ಕುಟುಂಬವೇ ಇದ್ದು, ರೋಗಾಣು ಒಂದನ್ನು ಬಿಟ್ಟು ಇನ್ನೊಂದನ್ನು ಬಳಸುತ್ತ ದೇಹದ ರಕ್ಷಣೆಯ ಕಣ್ಣು ತಪ್ಪಿಸುತ್ತದೆ.

ಸಂಶೋಧಕರಿಗೆ ಇದರಿಂದ ಒಂದು ಪೇಚು ಎದುರಾಗುತ್ತದೆ. ಬೆರಳಿಗೆ ಚುಚ್ಚಿ ತೆಗೆದ ರಕ್ತದ ಲೇಪನದಲ್ಲಿ ಕಾಣುವುದು ಹರಿದಾಡುವ ಎಳೆಯ ರೋಗಾಣುಗಳು ಮಾತ್ರ. ಬಲಿತವು ಒಳಗಿನ ನಾಳಗಳಲ್ಲಿ ಅಡಗಿರುತ್ತವೆ. ಲೇಪನದಲ್ಲಿ ಕೆಲವೇ ರೋಗಾಣು ಕಂಡ ಮಗುವಿನ ಮಿದುಳಿನ ನಾಳಗಳು ತುಂಬಿ ತುಳುಕುತ್ತಿರಬಹುದು. ಲೇಪನ ತುಂಬ ರೋಗಾಣು ಕಂಡ ಮಗು ಅಂಗಳದಲ್ಲಿ ಆಡುತ್ತಿರಬಹುದು. ಮಿದುಳಿನ ನಾಳಗಳಲ್ಲಿ ಸೋಂಕಿತ ಕಣಗಳು ಕಿಕ್ಕಿರಿದಿರುವುದನ್ನು 1890ರ ದಶಕದಲ್ಲಿಯೇ ಇಟಲಿಯ ಮಾರ್ಕಿಯಾಫಾವ ಮತ್ತು ಬಿನ್ಯಾಮಿ ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ್ದರು. ಆದರೆ ಅವರು ನೋಡಿದ್ದು ಸತ್ತವರ ಮಿದುಳು. ಬದುಕಿರುವಾಗ ಅಲ್ಲಿ ಏನು ನಡೆಯುತ್ತದೆ ಎಂಬುದು ಮುಂದಿನ ನೂರು ವರ್ಷ ಹೆಚ್ಚುಕಡಿಮೆ ಊಹೆಯಾಗಿಯೇ ಉಳಿಯಿತು.

ಬ್ಲಾಂಟೈರ್‌ನಲ್ಲಿ ಟೆರಿ ಟೇಲರ್ ಮತ್ತು ಮಾಲ್ಕಮ್ ಮಾಲಿನೂ ಎಂಬ ವೈದ್ಯರು 1986ರಲ್ಲಿ ಕಟ್ಟಿದ ಸಂಶೋಧನಾ ಯೋಜನೆಗೆ ಮೊದಲು ಎದುರಾದ ಕೆಲಸ ತೀರ ಸಾಮಾನ್ಯವಾದದ್ದು: ಕೋಮಾ ಎಷ್ಟು ಆಳವಾಗಿದೆ ಎಂದು ಅಳೆಯುವುದು. ದೊಡ್ಡವರಿಗೆ ಬಳಸುತ್ತಿದ್ದ ಗ್ಲಾಸ್ಗೋ ಮಾಪಕ ರೋಗಿಯ ಮಾತನ್ನು ನೆಚ್ಚಿಕೊಂಡಿದೆ. ಎರಡು ವರ್ಷದ ಮಗುವಿಗೆ ‘ಇದು ಯಾವ ಊರು’ ಎಂದು ಕೇಳಿ ಪ್ರಯೋಜನವಿಲ್ಲ. ಆದ್ದರಿಂದ ಅವರು ಐದು ಅಂಕಗಳ ಒಂದು ಮಾಪಕ ಮಾಡಿಕೊಂಡರು. ಹಾಸಿಗೆಯ ಬದಿಯಲ್ಲಿ ಅದು ನಡೆಯುವ ಬಗೆ ಹೀಗೆ: ಮಗುವಿನ ಹೆಬ್ಬೆರಳಿನ ಉಗುರಿನ ಮೇಲೆ ಪೆನ್ಸಿಲನ್ನು ಅಡ್ಡಲಾಗಿಟ್ಟು ಬಲವಾಗಿ ಒತ್ತುತ್ತಾರೆ, ಎದೆಮೂಳೆಯನ್ನು ಬೆರಳ ಗೆಣ್ಣಿನಿಂದ ಉಜ್ಜುತ್ತಾರೆ. ನೋವಾದ ಜಾಗಕ್ಕೆ ಕೈ ತಂದರೆ ಎರಡು ಅಂಕ, ಕೈಯನ್ನು ಬರಿದೇ ಹಿಂದಕ್ಕೆಳೆದುಕೊಂಡರೆ ಒಂದು, ಏನೂ ಮಾಡದಿದ್ದರೆ ಸೊನ್ನೆ. ಸರಿಯಾಗಿ ಅತ್ತರೆ ಎರಡು, ನರಳಿದರೆ ಒಂದು. ಕಣ್ಣು ತಾಯಿಯ ಮುಖವನ್ನು ಹಿಂಬಾಲಿಸಿದರೆ ಒಂದು. ಒಟ್ಟು ಎರಡು ಅಥವಾ ಅದಕ್ಕಿಂತ ಕಡಿಮೆ ಬಂದರೆ ಕೋಮಾ. 1989ರಲ್ಲಿ 131 ಮಕ್ಕಳ ವಿವರದೊಂದಿಗೆ ಪ್ರಕಟವಾದ ಈ ಮಾಪಕ ಇಂದು ಊರಿನ ಹೆಸರಿನಿಂದಲೇ, ಬ್ಲಾಂಟೈರ್ ಕೋಮಾ ಮಾಪಕವೆಂದು, ಎಲ್ಲೆಡೆ ಬಳಕೆಯಲ್ಲಿದೆ. ಪೆನ್ಸಿಲು ಮತ್ತು ತಾಯಿಯ ಮುಖ ಇವೆರಡನ್ನು ಬಿಟ್ಟು ಬೇರೆ ಉಪಕರಣ ಬೇಡದ ಮಾಪಕ ಎನ್ನುವುದೇ ಅದರ ಹೆಚ್ಚುಗಾರಿಕೆ.

ಸಮಸ್ಯೆ ಇದ್ದ ಜಾಗ

ಆ ಹೊತ್ತಿಗೆ ಜಗತ್ತಿನ ಬೇರೆ ಬೇರೆ ಕಡೆ, ಮಿದುಳಿನಲ್ಲಿ ಹೀಗಾಗಿರಬಹುದು ಎಂದು ಊಹಿಸಿ ಅದಕ್ಕೆ ತಕ್ಕ ಔಷಧ ಕೊಟ್ಟು ನೋಡುವ ಪ್ರಯತ್ನಗಳು ನಡೆದಿದ್ದವು, ಮುಂದೆಯೂ ನಡೆದವು. ಮಿದುಳು ಊದಿಕೊಂಡಿರಬೇಕು ಎಂಬ ನಂಬಿಕೆಯ ಮೇಲೆ ಥಾಯ್ಲೆಂಡಿನಲ್ಲಿ ಕೋಮಾದಲ್ಲಿದ್ದ 100 ರೋಗಿಗಳ ಮೇಲೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಪರೀಕ್ಷಿಸಿದ ಫಲಿತಾಂಶ 1982ರಲ್ಲಿ ಬಂತು. ಸ್ಟೀರಾಯ್ಡ್ ಪಡೆದ 50 ಜನರಲ್ಲಿ 8 ಮಂದಿ, ಪಡೆಯದ 50 ಜನರಲ್ಲಿ 9 ಮಂದಿ ತೀರಿಕೊಂಡಿದ್ದರು. ಬದುಕಿದವರಲ್ಲಿ ಸ್ಟೀರಾಯ್ಡ್ ಪಡೆದವರು ಹೆಚ್ಚು ಹೊತ್ತು ಕೋಮಾದಲ್ಲಿದ್ದರು, ನ್ಯುಮೋನಿಯಾ ಮತ್ತು ಜಠರದ ರಕ್ತಸ್ರಾವವೂ ಅವರಲ್ಲೇ ಹೆಚ್ಚಾಗಿತ್ತು. ಅಂದರೆ ಉಪಕಾರವಿಲ್ಲ, ಅಪಕಾರ ಉಂಟು.

ಇದಕ್ಕಿಂತ ಕಠೋರವಾದ ಪಾಠ ಕೆನ್ಯದ ಕಿಲಿಫಿಯಿಂದ 2000ದಲ್ಲಿ ಬಂತು. ಸೆಳವು ಮಿದುಳಿಗೆ ಹಾನಿ ಮಾಡುತ್ತದೆ, ಆದ್ದರಿಂದ ಮೊದಲೇ ತಡೆಯಬೇಕು ಎಂಬ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. 340 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ದೇಹತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ಫಿನೋಬಾರ್ಬಿಟಾಲ್‌ನ ಒಂದೇ ಚುಚ್ಚುಮದ್ದು ಕೊಟ್ಟರು. ಮೂರು ಅಥವಾ ಹೆಚ್ಚು ಬಾರಿ ಸೆಳವು ಕಾಣಿಸಿಕೊಂಡ ಮಕ್ಕಳ ಪ್ರಮಾಣ ಶೇ 27ರಿಂದ ಶೇ 11ಕ್ಕೆ ಇಳಿಯಿತು. ಸತ್ತ ಮಕ್ಕಳ ಸಂಖ್ಯೆ ಮಾತ್ರ 14ರಿಂದ 30ಕ್ಕೆ ಏರಿತು. ಮುಟ್ಟಬೇಕಾದ ಗುರಿಯನ್ನು ಮುಟ್ಟಿಯೂ ಮಕ್ಕಳನ್ನು ಉಳಿಸಿಕೊಳ್ಳಲಾಗದ ಈ ಫಲಿತಾಂಶವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಸೆಳವಿನ ಲೆಕ್ಕವನ್ನಷ್ಟೇ ಬರೆದಿಟ್ಟು ನಿಲ್ಲಿಸಿದ್ದರೆ ಅದು ಯಶಸ್ವಿ ಪ್ರಯೋಗವೆಂದು ಪಠ್ಯಪುಸ್ತಕ ಸೇರುತ್ತಿತ್ತು.

ಇಂಥ ಸೋಲುಗಳ ನಡುವೆ ಬ್ಲಾಂಟೈರ್ ತಂಡವನ್ನು ಕಾಡಿದ್ದು ಇನ್ನೂ ಒಂದು ಮೆಟ್ಟಿಲು ಕೆಳಗಿನ ಅನುಮಾನ. ಮಿದುಳಿನ ಮಲೇರಿಯಾ ಎಂದು ಕರೆಯಲು ಮೂರು ಷರತ್ತುಗಳಿವೆ: ರೋಗಿ ಕೋಮಾದಲ್ಲಿರಬೇಕು, ರಕ್ತದಲ್ಲಿ ಫಾಲ್ಸಿಪಾರಂ ಇರಬೇಕು, ಕೋಮಾಕ್ಕೆ ಬೇರೆ ಕಾರಣ ಇರಬಾರದು. ಮೊದಲೆರಡನ್ನು ನೋಡಿ ತಿಳಿಯಬಹುದು. ಮೂರನೆಯದು ಇಲ್ಲದಿರುವುದನ್ನು ಸಾಬೀತು ಮಾಡುವ ಕೆಲಸ. ರಕ್ತದ ಸಕ್ಕರೆ ಕುಸಿದಿಲ್ಲ, ಸೆಳವಿನ ನಂತರದ ಮಂಪರು ಅಲ್ಲ, ಬೆನ್ನುಹುರಿಯ ದ್ರವದಲ್ಲಿ ಕೀವು ಇಲ್ಲ ಎಂದು ನೋಡಬಹುದು. ಅದರಾಚೆಗಿನ ಪರೀಕ್ಷೆಗಳು ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಮೇಲಾಗಿ ಮಲೇರಿಯಾ ಬೇರೂರಿದ ಊರುಗಳಲ್ಲಿ ರಕ್ತದಲ್ಲಿ ರೋಗಾಣು ಇಟ್ಟುಕೊಂಡೇ ಆರೋಗ್ಯವಾಗಿ ಓಡಾಡುವ ಮಕ್ಕಳು ಬೇಕಾದಷ್ಟಿರುತ್ತಾರೆ. ಅಂಥ ಮಗುವಿಗೆ ಬೇರಾವುದೋ ಕಾಯಿಲೆಯಿಂದ ಪ್ರಜ್ಞೆ ತಪ್ಪಿದರೆ ಲೇಪನದಲ್ಲಿ ಮಲೇರಿಯಾ ಸಿಕ್ಕೇ ಸಿಗುತ್ತದೆ, ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಹಾಗಾದರೆ ಇಷ್ಟು ವರ್ಷ ‘ಮಿದುಳಿನ ಮಲೇರಿಯಾ’ ಎಂಬ ಹೆಸರಿನಡಿ ಅಧ್ಯಯನ ಮಾಡಿದವರೆಲ್ಲ ಒಂದೇ ಕಾಯಿಲೆಯವರೇ?

ತಮ್ಮ ರೋಗನಿರ್ಣಯವನ್ನೇ ಪರೀಕ್ಷೆಗೆ ಒಡ್ಡಿದ್ದು

ಈ ಪ್ರಕರಣದ ಮೊದಲ ತಿರುವು ಇಲ್ಲಿದೆ. ಇನ್ನೊಂದು ಔಷಧವನ್ನು ಪರೀಕ್ಷಿಸುವ ದಾರಿ ಸುಲಭವಾಗಿತ್ತು. ಹಣ ಕೊಡುವವರಿಗೂ ಅದು ಅರ್ಥವಾಗುವ ಕೆಲಸ. ತಂಡ ಅದನ್ನು ಬಿಟ್ಟು, ತಾವು ಮಿದುಳಿನ ಮಲೇರಿಯಾ ಎಂದು ಬರೆದ ಮಕ್ಕಳು ಸತ್ತಾಗ ಅವರ ಮರಣೋತ್ತರ ಪರೀಕ್ಷೆ ಮಾಡಿ, ಬರೆದದ್ದು ಸರಿಯಿತ್ತೇ ಎಂದು ನೋಡಲು ಹೊರಟಿತು.

ಇದು ಎಷ್ಟು ಕಷ್ಟದ ಕೆಲಸ ಎಂಬುದನ್ನು ಆಸ್ಪತ್ರೆಯಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಗಾಂಶ ಕೆಡುವ ಮೊದಲೇ ಪರೀಕ್ಷೆಯಾಗಬೇಕು, ಎಂದರೆ ಮಗು ಕಣ್ಣು ಮುಚ್ಚಿದ ಕೆಲವೇ ಗಂಟೆಗಳಲ್ಲಿ ತಂದೆತಾಯಿಯ ಮುಂದೆ ಕುಳಿತು ಒಪ್ಪಿಗೆ ಕೇಳಬೇಕು. ದೇಹವನ್ನು ಬೇಗ ಊರಿಗೆ ಒಯ್ಯಬೇಕೆಂಬ ತವಕ, ಮಗುವನ್ನು ಕತ್ತರಿಸುತ್ತಾರೆಂಬ ಭಯ, ವೈದ್ಯರು ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಗುಮಾನಿ ಯಾವ ದೇಶದಲ್ಲೂ ಒಂದೇ. ‘ಇಲ್ಲ’ ಎಂದ ಮನೆಯವರ ಮಾತಿಗೆ ಮರುಮಾತಾಡದೆ ಎದ್ದು ಬರುವುದೂ ಈ ಕೆಲಸದ ಭಾಗ. ಅದನ್ನು ಹೀಗೆ ವರ್ಷಗಟ್ಟಲೆ ನಡೆಸಿಕೊಂಡು ಹೋಗಿ, ಮಿದುಳಿನ ಮಲೇರಿಯಾ ಎಂದು ಷರತ್ತಿನಂತೆ ಗುರುತಿಸಲಾಗಿದ್ದ 31 ಮಕ್ಕಳ ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು.

ಆ 31 ಮಕ್ಕಳಲ್ಲಿ 7 ಮಂದಿಯ ಮಿದುಳಿನ ನಾಳಗಳಲ್ಲಿ ರೋಗಾಣು ತುಂಬಿದ ಕಣಗಳು ಸೇರಿಕೊಂಡೇ ಇರಲಿಲ್ಲ. ಅವರ ಸಾವಿಗೆ ಬೇರೆಯದೇ ಕಾರಣಗಳು ಸಿಕ್ಕವು; ಶ್ವಾಸಕೋಶದ ಸೋಂಕು, ಯಕೃತ್ತಿನ ಕಾಯಿಲೆ, ತಲೆಯೊಳಗಿನ ರಕ್ತಸ್ರಾವ ಮುಂತಾದವು. ಸುಮಾರು ನಾಲ್ಕರಲ್ಲಿ ಒಂದು ಮಗುವಿನ ರೋಗನಿರ್ಣಯ ತಪ್ಪಾಗಿತ್ತು, ಅದೂ ಈ ಕಾಯಿಲೆಯನ್ನೇ ಉಸಿರಾಡುತ್ತಿದ್ದ ನುರಿತ ತಂಡದ ಕೈಯಲ್ಲಿ.

ತಮ್ಮದೇ ತಪ್ಪಿನ ಪ್ರಮಾಣವನ್ನು ಹೀಗೆ ಅಂಕಿಯಲ್ಲಿ ಬರೆದು ಜಗತ್ತಿನ ಮುಂದೆ ಇಡಲು ಧೈರ್ಯ ಬೇಕು. ಅದರ ಹೊಡೆತ ಹಿಂದಿನ ಎಲ್ಲ ಪ್ರಯೋಗಗಳಿಗೂ ತಟ್ಟಿತು. ಯಾವುದೇ ಔಷಧದ ಪರೀಕ್ಷೆಯಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಆ ಕಾಯಿಲೆಯೇ ಇಲ್ಲದಿದ್ದರೆ, ನಿಜವಾಗಿ ಉಪಕಾರಿಯಾದ ಔಷಧವೂ ಮಂಕಾಗಿ ಕಾಣುತ್ತದೆ. ಜೀನ್‌ಗಳ ಅಧ್ಯಯನದಲ್ಲಿ, ರಕ್ತದ ರಾಸಾಯನಿಕಗಳ ಅಧ್ಯಯನದಲ್ಲಿ, ಎಲ್ಲೆಡೆ ಇದೇ ಕಲಬೆರಕೆ ಇತ್ತೆಂದಾಯಿತು.

ಕಣ್ಣಿನೊಳಗೆ ಕಂಡದ್ದು

ಸತ್ತ ಮೇಲೆ ತಿಳಿಯುವ ಸತ್ಯದಿಂದ ವಾರ್ಡಿನ ಮಗುವಿಗೆ ಪ್ರಯೋಜನವಿಲ್ಲ. ಬದುಕಿರುವ ಮಕ್ಕಳಲ್ಲಿ, ಮಲೇರಿಯಾದಿಂದಲೇ ಕೋಮಾಕ್ಕೆ ಜಾರಿದವರನ್ನು ಬೇರೆ ಕಾರಣದಿಂದ ಜಾರಿದವರಿಂದ ಬೇರ್ಪಡಿಸುವ ಗುರುತು ಬೇಕಿತ್ತು. ಅದು ಬೇರೊಂದು ಕೆಲಸದಿಂದ ಒದಗಿತು. ಸೂಸನ್ ಲೆವಾಲೆನ್ ಎಂಬ ನೇತ್ರತಜ್ಞೆ 1990ರ ದಶಕದ ಮೊದಲಿನಿಂದಲೇ ಇದೇ ವಾರ್ಡಿನ ಮಕ್ಕಳ ಅಕ್ಷಿಪಟಲವನ್ನು ನೋಡಿ ಕಂಡದ್ದನ್ನು ವಿವರವಾಗಿ ದಾಖಲಿಸುತ್ತಿದ್ದರು. ಮರಣೋತ್ತರ ಪರೀಕ್ಷೆಯ ಫಲಿತಾಂಶವನ್ನು ಮಕ್ಕಳು ದಾಖಲಾದಾಗಿನ ಎಲ್ಲ ಲಕ್ಷಣಗಳ ಜೊತೆ ಹೋಲಿಸಿದಾಗ, ಮಲೇರಿಯಾದ ಕೋಮಾವನ್ನು ಬೇರೆ ಕೋಮಾದಿಂದ ಬೇರ್ಪಡಿಸಿ ತೋರಿಸಿದ್ದು ಒಂದೇ ಲಕ್ಷಣ: ಅಕ್ಷಿಪಟಲದ ಬದಲಾವಣೆ.

ಅಕ್ಷಿಪಟಲ ಭ್ರೂಣದ ಬೆಳವಣಿಗೆಯಲ್ಲಿ ಮಿದುಳಿನಿಂದಲೇ ಚಾಚಿಕೊಂಡ ಭಾಗ. ಅದರ ಸಣ್ಣ ನಾಳಗಳೂ ಮಿದುಳಿನ ನಾಳಗಳ ಜಾತಿಯವೇ. ತಲೆಬುರುಡೆ ತೆರೆಯದೆ ನೋಡಬಹುದಾದ ಮಿದುಳಿನ ತುಣುಕು ಅದೊಂದೇ. ಪಾಪೆ ಅರಳಿಸುವ ಹನಿ ಹಾಕಿ ಕಾದು, ತಲೆಗೆ ಕಟ್ಟಿಕೊಂಡ ದೀಪದ ಬೆಳಕನ್ನು ಮಸೂರದ ಮೂಲಕ ಒಳಗೆ ಹಾಯಿಸಿದಾಗ ಆರೋಗ್ಯವಂತ ಮಗುವಿನಲ್ಲಿ ಕಿತ್ತಳೆಗೆಂಪು ಹಿನ್ನೆಲೆಯ ಮೇಲೆ ಕೆಂಪು ನಾಳಗಳ ಕವಲುಗಳು ಕಾಣುತ್ತವೆ. ಮಿದುಳಿನ ಮಲೇರಿಯಾ ಇರುವ ಮಗುವಿನಲ್ಲಿ ಆ ಹಿನ್ನೆಲೆಯ ಮೇಲೆ ಅಲ್ಲಲ್ಲಿ, ಹಾಲು ಚೆಲ್ಲಿ ಸರಿಯಾಗಿ ಒರೆಸದೆ ಬಿಟ್ಟ ನೆಲದಂತೆ, ಬಿಳಿಯ ಮಾಸಲು ತೇಪೆಗಳು. ನಾಳಗಳ ಕೆಲವು ಭಾಗ ಕೆಂಪು ಕಳೆದುಕೊಂಡು ಕಿತ್ತಳೆಗೆ, ಕೆಲವೆಡೆ ಬಿಳಿಗೆ ತಿರುಗಿರುತ್ತದೆ. ಏಕೆಂದರೆ ಅಲ್ಲಿ ಅಂಟಿ ನಿಂತಿರುವ ಕಣಗಳೊಳಗಿನ ಹಿಮೋಗ್ಲೋಬಿನನ್ನು ರೋಗಾಣು ತಿಂದು ಮುಗಿಸಿದೆ. ನಡುವೆ ಬಿಳಿಚುಕ್ಕೆಯಿರುವ ರಕ್ತಸ್ರಾವದ ಕಲೆಗಳೂ ಇರಬಹುದು. ರಕ್ತಸ್ರಾವ ಬೇರೆ ಕಾಯಿಲೆಗಳಲ್ಲೂ ಕಾಣುತ್ತದೆ. ಆ ಬಿಳಿಚುವಿಕೆ ಮತ್ತು ನಾಳದ ಬಣ್ಣಗೇಡು ಮಾತ್ರ ಮಲೇರಿಯಾದ ಸ್ವಂತ ಗುರುತುಗಳು.

ಎರಡನೆಯ ನಿರ್ಧಾರ ಇದನ್ನು ಆಧರಿಸಿದ್ದು. ಸಂಶೋಧನೆಗೆ ಮಕ್ಕಳನ್ನು ಆರಿಸುವಾಗ ಕಣ್ಣಿನ ಚಿಹ್ನೆಗೆ ತೂಕ ಕೊಡತೊಡಗಿದರು. ಚಿಕಿತ್ಸೆಯಲ್ಲಿ ಈ ಭೇದ ಮಾಡುವಂತಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಲೇಪನದಲ್ಲಿ ರೋಗಾಣು ಕಂಡ, ಕೋಮಾದಲ್ಲಿರುವ ಪ್ರತಿ ಮಗುವಿಗೂ ಮಲೇರಿಯಾ ಔಷಧ ಕೊಟ್ಟೇ ಕೊಡುತ್ತಾರೆ. ಆದರೆ ಕಣ್ಣಿನಲ್ಲಿ ಏನೂ ಕಾಣದಿದ್ದರೆ ಆ ಮಗುವಿಗೆ ಬೇರೆ ಕಾರಣವನ್ನೂ ಹುಡುಕಬೇಕೆಂಬ ಎಚ್ಚರಿಕೆ ಸಿಗುತ್ತದೆ. ಮುಂದೆ, ರೋಗಾಣು ರಕ್ತಕ್ಕೆ ಬಿಡುವ ಎಚ್‌ಆರ್‌ಪಿ–2 ಎಂಬ ಪ್ರೋಟೀನಿನ ಪ್ರಮಾಣವೂ ಇದೇ ವಿಂಗಡಣೆಯನ್ನು ಬೆಂಬಲಿಸಿತು. ಹರಿಯುವ ರೋಗಾಣುವಿನ ಜೊತೆ ಅಡಗಿರುವ ರೋಗಾಣುವಿನ ಲೆಕ್ಕವೂ ಈ ಪ್ರೋಟೀನಿನಲ್ಲಿ ಸೇರುವುದರಿಂದ ಲೇಪನಕ್ಕೆ ಸಿಗದ ಒಟ್ಟು ಹೊರೆ ಇದರಲ್ಲಿ ಸಿಗುತ್ತದೆ.

ಇಲ್ಲಿ ಒಂದು ತಕರಾರು ಇದೆ, ಅದು ನ್ಯಾಯವಾದದ್ದು. ಕಣ್ಣು ಶುಭ್ರವಾಗಿದ್ದ ಮಾತ್ರಕ್ಕೆ ಮಲೇರಿಯಾದ ಪಾಲು ಏನೂ ಇಲ್ಲವೆನ್ನಲಾಗದು, ಅಂಥ ಮಕ್ಕಳಲ್ಲೂ ಅದು ಬೇರೊಂದು ಕಾಯಿಲೆಗೆ ಕೈಜೋಡಿಸಿರಬಹುದು ಎಂದು ವಾದಿಸುವವರಿದ್ದಾರೆ. ‘ಇದೆ’, ‘ಇಲ್ಲ’ ಎಂಬ ಎರಡೇ ಖಾನೆ ಸಂಶೋಧನೆಗೆ ಅನುಕೂಲ. ಕಾಯಿಲೆ ಹಾಗೆ ಖಾನೆ ನೋಡಿಕೊಂಡು ಬರುವುದಿಲ್ಲ.

ಬದುಕಿರುವ ಮಿದುಳಿನ ಚಿತ್ರ

ಮುಂದಿನ ಪ್ರಶ್ನೆ ಸಾವಿನ ಕಾರಣದ್ದು. ಮಿದುಳಿನ ನಾಳಗಳಲ್ಲಿ ರೋಗಾಣು ತುಂಬಿದ್ದರೂ ಬಹುಪಾಲು ಮಕ್ಕಳು ಬದುಕುತ್ತಿದ್ದರು. ಸತ್ತವರಿಗೆ ಹೆಚ್ಚುವರಿಯಾಗಿ ಏನಾಗಿತ್ತು? ಮಿದುಳಿನ ಊತದ ಮಾತು ಹಳೆಯದು. ಬೆನ್ನಿಗೆ ಸೂಜಿ ಹಾಕಿದಾಗ ದ್ರವದ ಒತ್ತಡ ಏರಿರುವುದು ಆಫ್ರಿಕದ ಮಕ್ಕಳಲ್ಲಿ 1990ರ ದಶಕದ ಆರಂಭದಲ್ಲಿಯೇ ತಿಳಿದಿತ್ತು. ಆದರೆ ಸತ್ತ ಮೇಲೆ ಕಂಡ ಊತ ಸಾವಿನ ಕಾರಣವೋ, ಸಾಯುವ ಗಳಿಗೆಯ ಪರಿಣಾಮವೋ ಎಂದು ಮರಣೋತ್ತರ ಪರೀಕ್ಷೆ ಹೇಳಲಾರದು. ಅದಕ್ಕೆ ಬದುಕಿರುವಾಗಲೇ, ಮುಂದೇನಾಗುತ್ತದೆಂದು ಯಾರಿಗೂ ತಿಳಿಯದ ಹೊತ್ತಿನಲ್ಲಿ, ಚಿತ್ರ ತೆಗೆಯಬೇಕು.

2008ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೊಡುಗೆಯಾಗಿ ಬ್ಲಾಂಟೈರ್‌ಗೆ ಒಂದು ಎಂಆರ್‌ಐ ಯಂತ್ರ ಬಂತು, ಇಡೀ ಮಲಾವಿಗೆ ಅದು ಮೊದಲನೆಯದು. ಅದರ ಕಾಂತಶಕ್ತಿ 0.35 ಟೆಸ್ಲಾ. ನಮ್ಮ ಊರುಗಳ ಸ್ಕ್ಯಾನ್ ಸೆಂಟರ್‌ಗಳಲ್ಲಿ ಈಗ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದ ಮುಂದೆ ಅದು ಬಡವ. ಆದರೆ ಶಾಶ್ವತ ಕಾಂತದ ಯಂತ್ರವಾದ್ದರಿಂದ ಅದನ್ನು ತಣ್ಣಗಿಡಲು ದ್ರವ ಹೀಲಿಯಂ ತರಿಸುವ ರಗಳೆ ಇಲ್ಲ, ಅಲ್ಲಿಗೆ ಅದೇ ದೊಡ್ಡ ಅನುಕೂಲ. ಕೇಳುತ್ತಿದ್ದ ಪ್ರಶ್ನೆಗೂ ಅಷ್ಟು ಶಕ್ತಿ ಸಾಕಾಗಿತ್ತು: ಮಿದುಳಿನ ಮಡಿಕೆಗಳ ನಡುವಿನ ಸಂದುಗಳು ಇನ್ನೂ ಉಳಿದಿವೆಯೇ, ಅಥವಾ ಮಿದುಳು ಊದಿ ಬುರುಡೆಗೆ ಒತ್ತಿಕೊಂಡು ಸಂದುಗಳೇ ಮುಚ್ಚಿಹೋಗಿವೆಯೇ?

2009ರ ಜನವರಿಯಿಂದ 2011ರ ಜೂನ್‌ವರೆಗೆ ಈ ರೋಗನಿರ್ಣಯದೊಂದಿಗೆ ದಾಖಲಾದ 348 ಮಕ್ಕಳಲ್ಲಿ ಬಿಗಿಯಾದ ಷರತ್ತುಗಳಿಗೆ ಒಳಪಟ್ಟು ಎಲ್ಲ ಪರೀಕ್ಷೆಗಳೂ ಆದ 168 ಮಕ್ಕಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಹೊರಗಿಟ್ಟದ್ದು ಅಧ್ಯಯನದ ದೌರ್ಬಲ್ಯವೆಂದು ಯಾರಾದರೂ ಹೇಳಿದರೆ ಒಪ್ಪಬೇಕು, ಏಕೆಂದರೆ ಯಂತ್ರದವರೆಗೆ ತಲುಪದ ಮಕ್ಕಳು ತಲುಪಿದವರಂತೆಯೇ ಇದ್ದರೆಂದು ಹೇಳಲಾಗದು. ಆದರೂ 2004ರಲ್ಲಿ ಕಂಡ ಕಲಬೆರಕೆಯ ನಂತರ ಈ ಬಿಗಿ ಅನಿವಾರ್ಯವಾಗಿತ್ತು ಎಂಬುದು ನನ್ನ ಅಭಿಪ್ರಾಯ.

2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗೊಂದಲಕ್ಕೆ ಎಡೆಯಿರಲಿಲ್ಲ. 168 ಮಕ್ಕಳಲ್ಲಿ 25 ಮಂದಿ ತೀರಿಕೊಂಡರು. ಆ 25ರಲ್ಲಿ 21 ಮಕ್ಕಳ ಮೊದಲ ಚಿತ್ರದಲ್ಲಿಯೇ ತೀವ್ರ ಊತವಿತ್ತು. ಬದುಕಿದ 143 ಮಕ್ಕಳಲ್ಲಿ ಅಂಥ ಊತವಿದ್ದವರು 39. ಇದನ್ನೇ ತಿರುಗಿಸಿ ಓದಿದರೆ, ತೀವ್ರ ಊತವಿದ್ದ 60 ಮಕ್ಕಳಲ್ಲಿ 21 ಮಂದಿ, ಎಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಸತ್ತರು. ಊತವಿಲ್ಲದ 108 ಮಕ್ಕಳಲ್ಲಿ ಸತ್ತವರು ಕೇವಲ 4. ಊದಿಕೊಂಡ ಮಿದುಳಿಗೆ ಬುರುಡೆಯೊಳಗೆ ಜಾಗ ಸಾಲದೆ ಅದು ಕೆಳಕ್ಕೆ ಜಾರಿ, ಉಸಿರಾಟವನ್ನು ನಡೆಸುವ ಮಿದುಳುಕಾಂಡವನ್ನು ಅದುಮುತ್ತದೆ, ಉಸಿರು ನಿಲ್ಲುತ್ತದೆ.

ನನಗೆ ಸಾವಿನ ಅಂಕಿಗಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಆ 39 ಮಕ್ಕಳು. ಊತಕ್ಕೆಂದೇ ಯಾವ ಔಷಧವನ್ನೂ ಪಡೆಯದೆ ಅವರು ಬದುಕಿದರು, ಮತ್ತೆ ಮತ್ತೆ ತೆಗೆದ ಚಿತ್ರಗಳಲ್ಲಿ ಅವರ ಮಿದುಳಿನ ಊತ ತಾನಾಗಿ ಇಳಿಯುತ್ತಿರುವುದು ಕಂಡಿತು. ಊತ ಇಳಿಯುವಂಥದ್ದಾದರೆ, ಅಲ್ಲಿಯವರೆಗೆ ಉಸಿರನ್ನು ನಡೆಸಿಕೊಡುವುದು ಒಂದು ಚಿಕಿತ್ಸೆಯಾಗಬಹುದು. ಹಾಗಾಗಿ ತಂಡದ ಗಮನ ವೆಂಟಿಲೇಟರ್‌ನತ್ತ ಹೊರಳಿತು.

ಹಿಂದಿರುಗಿ ನೋಡಿದಾಗ

ಈ ಬೆಳಕಿನಲ್ಲಿ ಹಳೆಯ ಸೋಲುಗಳನ್ನು ಮತ್ತೆ ಓದಬಹುದು. ಕಿಲಿಫಿಯ ಫಿನೋಬಾರ್ಬಿಟಾಲ್ ಉಸಿರಾಟವನ್ನು ಕುಗ್ಗಿಸುವ ಔಷಧ. ಅದರ ಜೊತೆ ಸೆಳವು ನಿಲ್ಲಿಸುವ ಡಯಾಜೆಪಾಮ್ ಎಂಬ ಮದ್ದನ್ನು ಮೂರು ಅಥವಾ ಹೆಚ್ಚು ಬಾರಿ ಪಡೆದ ಮಕ್ಕಳಲ್ಲಿ ಸಾವು ವಿಶೇಷವಾಗಿ ಹೆಚ್ಚಿತ್ತು. ಉಸಿರು ನಿಲ್ಲುವ ಅಂಚಿನಲ್ಲಿದ್ದ ಮಿದುಳಿಗೆ, ಉಸಿರನ್ನು ನಡೆಸುವ ಯಂತ್ರವಿಲ್ಲದ ವಾರ್ಡಿನಲ್ಲಿ, ಉಸಿರು ಕುಗ್ಗಿಸುವ ಮದ್ದು ಕೊಟ್ಟಂತಾಗಿರಬೇಕು ಎಂಬುದು ನನ್ನ ಓದು. ಥಾಯ್ಲೆಂಡಿನಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ಯಾರ ಮಿದುಳು ಊದಿತ್ತು, ಯಾರದ್ದು ಊದಿರಲಿಲ್ಲ ಎಂಬ ವಿಂಗಡಣೆಯೇ ಇರಲಿಲ್ಲ. ಒಡಿಶಾದ ರೂರ್ಕೆಲಾದಲ್ಲಿ ವಯಸ್ಕರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಿದುಳಿನ ನೀರನ್ನು ಸೆಳೆಯುವ ಮ್ಯಾನಿಟಾಲ್ ಪಡೆದವರಿಗೆ ಪ್ರಜ್ಞೆ ಮರಳಲು ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಇದಕ್ಕೆ ಪ್ರತಿಯಾಗಿ, ಮಿದುಳಿನ ಗೊಡವೆಗೇ ಹೋಗದೆ ರೋಗಾಣುವನ್ನು ಬೇಗ ಕೊಲ್ಲುವ ದಾರಿ ಫಲ ಕೊಟ್ಟಿತು. ಆಫ್ರಿಕದ ಒಂಬತ್ತು ದೇಶಗಳ 5425 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ತೀವ್ರ ಮಲೇರಿಯಾದ ಸಾವಿನ ಪ್ರಮಾಣ ಕ್ವಿನೈನ್ ಪಡೆದವರಲ್ಲಿ ಶೇ 10.9, ಆರ್ಟೆಸುನೇಟ್ ಪಡೆದವರಲ್ಲಿ ಶೇ 8.5 ಆಗಿತ್ತು. ಆರ್ಟೆಸುನೇಟ್ ಎಳೆಯ ರೋಗಾಣುವನ್ನೂ, ಅದು ಬಲಿತು ನಾಳದ ಗೋಡೆಗೆ ಅಂಟುವ ಮೊದಲೇ, ಕೊಲ್ಲುತ್ತದೆ. ಕ್ವಿನೈನ್‌ಗೆ ಆ ಸಾಮರ್ಥ್ಯವಿಲ್ಲ.

ಊತ ಏಕೆ ಬರುತ್ತದೆ ಎಂಬ ಪ್ರಶ್ನೆ ಇನ್ನೂ ತೆರೆದಿದೆ. ನಾಳಗಳು ಕಟ್ಟಿಕೊಂಡು ರಕ್ತ ಹಿಂದಕ್ಕೆ ನಿಲ್ಲುವುದು, ನಾಳದ ಗೋಡೆ ಸೋರಿ ದ್ರವ ಮಿದುಳಿಗೆ ಇಳಿಯುವುದು, ಸೆಳವಿನಿಂದ ಜೀವಕೋಶಗಳೇ ಊದುವುದು ಇವೆಲ್ಲ ಸಾಧ್ಯತೆಗಳು, ಒಂದೇ ಮಗುವಿನಲ್ಲಿ ಒಂದಕ್ಕಿಂತ ಹೆಚ್ಚು ಇರಲೂಬಹುದು. ಇಲಿಗಳ ಮೇಲಿನ ಸಂಶೋಧನೆ ಈ ವಿಷಯದಲ್ಲಿ ಬಹಳ ಕಾಲ ಅನುಮಾನಕ್ಕೆ ಗುರಿಯಾಗಿತ್ತು, ಏಕೆಂದರೆ ಇಲಿಯ ಮಿದುಳಿನ ನಾಳಗಳಲ್ಲಿ ಸೇರಿಕೊಳ್ಳುವುದು ಮುಖ್ಯವಾಗಿ ಬಿಳಿಯ ರಕ್ತಕಣಗಳು, ಮಕ್ಕಳಲ್ಲಿ ರೋಗಾಣು ತುಂಬಿದ ಕೆಂಪು ಕಣಗಳು. 2020ರಲ್ಲಿ ಮಲಾವಿಯ ಮಕ್ಕಳ ಮಿದುಳಿನ ನಾಳಗಳಲ್ಲೂ ಸಿಡಿ–8 ಎಂಬ ಬಿಳಿಕಣಗಳು ಕಂಡಮೇಲೆ ಆ ಅನುಮಾನ ಸ್ವಲ್ಪ ಸಡಿಲಿದೆ, ಪೂರ್ತಿ ಹೋಗಿಲ್ಲ.

ಬ್ಲಾಂಟೈರ್‌ನ ತೀರ್ಮಾನವನ್ನು ಎತ್ತಿ ನಮ್ಮ ವಾರ್ಡಿಗೆ ಹಾಕಿಕೊಳ್ಳುವಂತಿಲ್ಲ. ರೂರ್ಕೆಲಾದ ಇಸ್ಪಾತ್ ಜನರಲ್ ಆಸ್ಪತ್ರೆಯಲ್ಲಿ ನಡೆದ ಎಂಆರ್‌ಐ ಅಧ್ಯಯನಗಳು, ವಯಸ್ಕರ ಸಾವಿನಲ್ಲಿ ಊತಕ್ಕಿಂತ ಮಿದುಳಿಗೆ ಆಮ್ಲಜನಕ ಸಾಲದೆ ಆದ ಹಾನಿಯೇ ಮುಂದೆ ನಿಲ್ಲುತ್ತದೆ ಎಂದು ತೋರಿಸಿವೆ. ಮಂಗಳೂರಿನಲ್ಲಿ ಲೆಕ್ಕ ಇನ್ನೂ ಬೇರೆ. ಅಲ್ಲಿನ ಮಲೇರಿಯಾದಲ್ಲಿ ಹೆಚ್ಚಿನದು ವೈವಾಕ್ಸ್ ಎಂಬ ಇನ್ನೊಂದು ಪ್ಲಾಸ್ಮೋಡಿಯಂನದು, ಕಟ್ಟಡ ಕೆಲಸಕ್ಕೆ ಬಂದ ವಯಸ್ಕರು ರೋಗಿಗಳಲ್ಲಿ ಬಹಳ. ವೈವಾಕ್ಸ್ ಮಿದುಳಿನ ನಾಳಗಳಲ್ಲಿ ಫಾಲ್ಸಿಪಾರಂನಂತೆ ಕಿಕ್ಕಿರಿಯುವುದಿಲ್ಲ. ಆದ್ದರಿಂದ ಲೇಪನದಲ್ಲಿ ವೈವಾಕ್ಸ್ ಕಂಡ ರೋಗಿ ಕೋಮಾಕ್ಕೆ ಜಾರಿದರೆ, ಫಾಲ್ಸಿಪಾರಂ ಜೊತೆಗಿದೆಯೇ, ಅದೇ ಮಳೆಗಾಲದಲ್ಲಿ ಹರಡುವ ಡೆಂಗಿಯೋ ಇಲಿಜ್ವರವೋ ಇದೆಯೇ, ಮಿದುಳಿನ ಬೇರೆ ಸೋಂಕೇ ಎಂದು ನೋಡದೆ ‘ಮಲೇರಿಯಾ ತಲೆಗೇರಿದೆ’ ಎಂದು ಬರೆಯುವುದು, ಬ್ಲಾಂಟೈರ್‌ನ ಆ ಏಳು ಮಕ್ಕಳ ವಿಷಯದಲ್ಲಿ ಆದ ತಪ್ಪನ್ನೇ ಮತ್ತೆ ಮಾಡಿದಂತೆ. ಪಾಪೆ ಅರಳಿಸುವ ಹನಿಯ ಬಾಟಲಿ ದುಬಾರಿಯಲ್ಲ. ನೋಡಬೇಕೆಂದು ಹೊಳೆಯುವುದೇ ಅಪರೂಪ.

ಯಾರನ್ನು ಲೆಕ್ಕಕ್ಕೆ ಸೇರಿಸುತ್ತೇವೆ ಎಂಬ ಪ್ರಶ್ನೆ ಕೊನೆಗೆ ಬದುಕಿದವರಿಗೂ ತಟ್ಟಿತು. ಇದೇ ಬ್ಲಾಂಟೈರ್‌ನಲ್ಲಿ, ಕಣ್ಣಿನ ಚಿಹ್ನೆಯಿಂದ ಖಚಿತವಾದ ಮಿದುಳಿನ ಮಲೇರಿಯಾದಿಂದ ಪಾರಾದ 132 ಮಕ್ಕಳನ್ನೂ, ಕೋಮಾ ಇಲ್ಲದ ಬೇರೆ ಕಾಯಿಲೆಗಳಿಗೆ ದಾಖಲಾಗಿದ್ದ 264 ಮಕ್ಕಳನ್ನೂ ಮನೆಗೆ ಹೋದ ಮೇಲೆ ಹಿಂಬಾಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೊದಲ ಗುಂಪಿನಲ್ಲಿ 12 ಮಕ್ಕಳಿಗೆ ಮೂರ್ಛೆರೋಗ ಬಂತು, ಎರಡನೆಯ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ನಡಿಗೆ, ಮಾತು, ನಡವಳಿಕೆ ಮುಂತಾದವುಗಳಲ್ಲಿ ಹೊಸ ತೊಂದರೆ ಮೊದಲ ಗುಂಪಿನ 121 ಮಕ್ಕಳಲ್ಲಿ 28 ಮಂದಿಗೆ, ಎರಡನೆಯ ಗುಂಪಿನ 253ರಲ್ಲಿ ಇಬ್ಬರಿಗೆ ಕಂಡಿತು. ಈ ಮೂರ್ಛೆ ಆಸ್ಪತ್ರೆಯ ಹಾಸಿಗೆಯಲ್ಲಿ ಶುರುವಾಗುವಂಥದ್ದಲ್ಲ. ಜ್ವರವೆಲ್ಲ ಮರೆತುಹೋದ ತಿಂಗಳುಗಳ ಮೇಲೆ, ಮಗು ಊಟದ ನಡುವೆ ಕೈ ನಿಲ್ಲಿಸಿ ಎತ್ತಲೋ ದಿಟ್ಟಿಸುತ್ತದೆ. ತಾಯಿ ಅದನ್ನು ಹಳೆಯ ಮಲೇರಿಯಾಕ್ಕೆ ತಳುಕು ಹಾಕುವುದಿಲ್ಲ. ಅಷ್ಟರಲ್ಲಿ ಯಾವುದೇ ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ಅಂಥ ಮಗುವಿನ ಸಾಲಿನ ಕೊನೆಯಲ್ಲಿ ‘ಗುಣಮುಖ’ ಎಂದು ಬರೆದಾಗಿರುತ್ತದೆ.